ಮುರಿದ ನಂಬಿಕೆಯನ್ನು ಮರಳಿ ಕಟ್ಟುವ ಬಗೆ



ಗಂಡ ಹೆಂಡಿರ ವಿಷಯವನ್ನು ವಿದ್ಯಾರ್ಥಿಗಳ ಮುಂದೆ ಏಕೆ ಎತ್ತಬೇಕು ಎಂದು ನಿಮ್ಮಲ್ಲಿ ಕೆಲವರಿಗೆ, ನಿಮ್ಮ ಮನೆಯ ಹಿರಿಯರಲ್ಲಿ ಇನ್ನೂ ಹಲವರಿಗೆ ಅನ್ನಿಸಬಹುದು. ಕಾರಣವಿದೆ. ತಂದೆತಾಯಿಯರ ನಡುವೆ ನಂಬಿಕೆ ಮುರಿದಾಗ ಅದರ ಸದ್ದು ಮೊದಲು ಕೇಳಿಸುವುದು ಮಕ್ಕಳಿಗೆ. ಪರೀಕ್ಷೆಗೆ ಓದುತ್ತ ಕುಳಿತ ಹುಡುಗಿಗೆ ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದಿನಿಂದಲೇ ಇವತ್ತು ಮನೆಯ ಹವೆ ಹೇಗಿದೆ ಎಂದು ತಿಳಿದುಬಿಡುತ್ತದೆ. ಅಲ್ಲದೆ, ಇನ್ನು ಕೆಲವು ವರ್ಷಗಳಲ್ಲಿ ನೀವೂ ಸಂಸಾರ ಹೂಡುವವರೇ.

ಇಂತಹ ಸಂದರ್ಭದಲ್ಲಿ ನಮ್ಮ ಬಂಧುಬಳಗದಿಂದ ಸಾಮಾನ್ಯವಾಗಿ ಎರಡು ಬಗೆಯ ಬುದ್ಧಿಮಾತು ಬರುತ್ತದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುವುದು ಒಂದು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎನ್ನುವುದು ಇನ್ನೊಂದು. ಮೊದಲನೆಯವರು ಏನೂ ಆಗಿಲ್ಲ ಎನ್ನುತ್ತಾರೆ, ಎರಡನೆಯವರು ಇನ್ನೇನೂ ಆಗುವಂತಿಲ್ಲ ಎನ್ನುತ್ತಾರೆ. ಗಾದೆಗಳು ತಮ್ಮ ಜಾಗದಲ್ಲಿ ಸರಿಯೇ. ಆದರೆ ಸಾರಿಗೆ ಉಪ್ಪು ಹೆಚ್ಚಾಯಿತೆಂಬ ಜಗಳ ಬೇರೆ, ನಂಬಿದವರಿಗೆ ಎಸಗಿದ ದ್ರೋಹ ಬೇರೆ. ದ್ರೋಹ ಉಂಡು ಮಲಗಿದರೆ ಮರೆಯಾಗುವುದಿಲ್ಲ. ಹಾಗೆಂದು ನಂಬಿಕೆ ಮುತ್ತೂ ಅಲ್ಲ. ಎರಡೂ ಕಡೆಯವರು ಮನಸ್ಸು ಮಾಡಿದರೆ ಎಷ್ಟೋ ಸಂಸಾರಗಳಲ್ಲಿ ಅದನ್ನು ಮತ್ತೆ ಕಟ್ಟಬಹುದು. ಅದಕ್ಕೊಂದು ಕ್ರಮವಿದೆ. ಆ ಕ್ರಮಕ್ಕೆ ದಂಪತಿ ಚಿಕಿತ್ಸೆ ಎಂದು ಹೆಸರು.

ದ್ರೋಹವೆಂದರೆ ವಿವಾಹದ ಹೊರಗಿನ ಸಂಬಂಧವೊಂದೇ ಎಂದು ಭಾವಿಸಬೇಡಿ. ಹೆಂಡತಿಗೆ ತಿಳಿಯದಂತೆ ಅವಳ ಒಡವೆಯನ್ನು ಅಡವಿಟ್ಟವನು, ಆನ್‌ಲೈನ್ ಜೂಜಿನಲ್ಲಿ ಮನೆಯ ಸೈಟಿನ ಹಣ ಕಳೆದು ಎರಡು ವರ್ಷ ಮುಚ್ಚಿಟ್ಟವನು, ಗಂಡನ ಬೆನ್ನ ಹಿಂದೆ ಚೀಟಿ ಎತ್ತಿ ಸಾಲದಲ್ಲಿ ಮುಳುಗಿದವಳು, ಮದುವೆಗೆ ಮುನ್ನ ಇದ್ದ ಗಂಭೀರ ಕಾಯಿಲೆಯನ್ನು ಹೇಳದೆ ಉಳಿದವರು, ಇವರ ಮನೆಗಳಲ್ಲೂ ಇದೇ ನೋವು. ಎಲ್ಲದರಲ್ಲೂ ಸಾಮಾನ್ಯವಾದ ಅಂಶ ಒಂದೇ: ಒಬ್ಬರು ಒಂದು ಲೋಕದಲ್ಲಿ ಬದುಕುತ್ತಿದ್ದೇನೆ ಎಂದು ತಿಳಿದಿದ್ದರು, ನಿಜವಾದ ಲೋಕ ಬೇರೆಯೇ ಆಗಿತ್ತು.

ಇದರ ಪರಿಣಾಮ ಏಕೆ ಇಷ್ಟು ಆಳ? ವಿದ್ಯುತ್ ಹೋದ ರಾತ್ರಿ ನಿಮ್ಮ ಮನೆಯ ಮೆಟ್ಟಿಲನ್ನು ನೀವು ಹೇಗೆ ಇಳಿಯುತ್ತೀರಿ, ನೆನಪಿಸಿಕೊಳ್ಳಿ. ಕಣ್ಣು ಕಾಣದಿದ್ದರೂ ಕಾಲು ತಾನಾಗಿ ಮುಂದಿನ ಮೆಟ್ಟಿಲ ಮೇಲೆ ಇಳಿಯುತ್ತದೆ. ಅದು ಅಲ್ಲಿದೆಯೇ ಎಂದು ಯಾರೂ ಯೋಚಿಸುವುದಿಲ್ಲ. ಒಮ್ಮೆ ಒಂದು ಮೆಟ್ಟಿಲು ಕುಸಿದು ಬಿದ್ದಿರೆನ್ನಿ, ಆ ಬಳಿಕ ಗಟ್ಟಿಯಾದ ಮೆಟ್ಟಿಲನ್ನೂ ಕಾಲಿನಿಂದ ತಟ್ಟಿ ನೋಡಿಯೇ ಇಳಿಯುತ್ತೀರಿ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ, ಮಗು ತಾಯಿಗೆ ಅಂಟಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿ, ಆಪತ್ತಿನಲ್ಲಿ ಓಡಿಹೋಗಿ ಸೇರಲು ಒಂದು ಸುರಕ್ಷಿತ ನೆಲೆ ಮನುಷ್ಯನಿಗೆ ತೊಟ್ಟಿಲಿನಿಂದ ಮುಪ್ಪಿನವರೆಗೂ ಬೇಕು ಎಂದು ತೋರಿಸಿದರು. ದೊಡ್ಡವರಿಗೆ ಆ ನೆಲೆ ಬಹುಮಟ್ಟಿಗೆ ಬಾಳಸಂಗಾತಿಯೇ. ಯಾರ ಹತ್ತಿರ ಅಳಬೇಕೋ ಅವರೇ ಅಳಿಸಿದವರಾದರೆ ಎಲ್ಲಿಗೆ ಹೋಗುವುದು? ಆದ್ದರಿಂದಲೇ ನಿದ್ದೆ ಹೋಗುವುದು, ಊಟ ಸೇರದಿರುವುದು, ಬೇಡವೆಂದರೂ ಚಿತ್ರಗಳು ಕಣ್ಣಮುಂದೆ ಬರುವುದು, ಫೋನು ಸದ್ದಾದರೆ ಎದೆ ಹೊಡೆದುಕೊಳ್ಳುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ. ದೊಡ್ಡ ಅಪಘಾತದಿಂದ ಪಾರಾದವರ ಮನಸ್ಸೂ ಹೀಗೆಯೇ ವರ್ತಿಸುತ್ತದೆ. ‘ಅನುಮಾನದ ಪಿಶಾಚಿ’ ಎಂದು ಮೂದಲಿಸುವವರು ಇದನ್ನು ಅರಿಯಬೇಕು. ಅದು ಗುಣದೋಷವಲ್ಲ, ಗಾಯದ ಲಕ್ಷಣ.

ಕನ್ನಡದವರಾದ ನಮಗೆ ಈ ವಿಷಯ ಹೊಸದೇನಲ್ಲ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಲನಚಿತ್ರ ಮಾಡಿದರು. ಕಲ್ಪನಾ ಅಭಿನಯಿಸಿದ ಕಾವೇರಿಯ ಪಾತ್ರವನ್ನು ನಿಮ್ಮ ಅಜ್ಜಿಯರು ಇಂದಿಗೂ ಮರೆತಿರಲಾರರು. ಬಾಣಂತನದ ಬಳಿಕ ಕಾವೇರಿಗೆ ಮನೋರೋಗ ಬರುತ್ತದೆ. ಮದುವೆಗೆ ಮುಂಚಿನ ಒಂದು ಗುಟ್ಟು ಹೊರಬಿದ್ದು ಗಂಡ ದೂರವಾಗುತ್ತಾನೆ. ಆಸ್ಪತ್ರೆಯಲ್ಲಿ ಆಕೆ ಗುಣವಾಗಿ ಮನೆಗೆ ಬಂದರೆ, ಗಂಡನ ಮನಸ್ಸು ಇನ್ನೊಬ್ಬ ಹೆಂಗಸಿನ ಕಡೆ ಹೊರಳಿರುವುದು ತಿಳಿಯುತ್ತದೆ. ಕಡೆಗೆ ಆಕೆ ಮತ್ತೆ ಆಸ್ಪತ್ರೆಯ ಪಾಲು. ಈ ಚಿತ್ರವನ್ನು ನೋಡುವಾಗ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ನೋಡಿ. ವೈದ್ಯರು ಕಾವೇರಿಗೆ ಚಿಕಿತ್ಸೆ ಕೊಟ್ಟರು, ಸರಿ. ಕಾವೇರಿ ಮತ್ತು ಆಕೆಯ ಗಂಡನ ನಡುವೆ ಇದ್ದ ಗಾಯಕ್ಕೆ ಯಾರು ಚಿಕಿತ್ಸೆ ಕೊಟ್ಟರು? ಅವರಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿದವರು ಯಾರಾದರೂ ಇದ್ದರೆ?

ರೋಗಿಯೊಡನೆ ಮನೆಯವರನ್ನೂ ಕೂರಿಸಿಕೊಳ್ಳುವ ಪ್ರಯತ್ನ ನಮ್ಮ ದೇಶಕ್ಕೆ ಹೊರಗಿನಿಂದ ಬಂದದ್ದೇನೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಕುಟುಂಬದವರನ್ನು ಅಲ್ಲಿಯೇ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬ ಮನೋವೈದ್ಯ ಕೇಂದ್ರವೇ ಇದ್ದು, ಅಲ್ಲಿ ದಂಪತಿಗಳನ್ನೂ ಕುಟುಂಬಗಳನ್ನೂ ಒಟ್ಟಾಗಿ ನೋಡುತ್ತಾರೆ. ಕಾನೂನೂ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿತು. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವು, ವಿಚಾರಣೆಗೆ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದು ಹೇಳಿ, ಸಲಹೆಗಾರರ ನೇಮಕಕ್ಕೂ ಅವಕಾಶ ಮಾಡಿತು. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಎರಡೂ ಕಡೆ ವಕೀಲರಿರುತ್ತಾರೆ, ಅರ್ಜಿಯಲ್ಲಿ ಒಬ್ಬರ ಮೇಲೊಬ್ಬರು ಬರೆದ ಮಾತುಗಳಿರುತ್ತವೆ. ಆಪ್ತಸಲಹೆಗೆ ಅದಕ್ಕಿಂತ ಬಹಳ ಮೊದಲೇ ಹೋಗುವುದು ಮೇಲು.

‘ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿ ಮಾಡುತ್ತಿದ್ದರಲ್ಲ, ಅದೇ ಅಲ್ಲವೇ ಇದು?’ ಎಂದು ನೀವು ಕೇಳಬಹುದು. ಅಲ್ಲ. ಪಂಚಾಯಿತಿಗೆ ಕೂತವರು ತೀರ್ಪು ಕೊಡುತ್ತಾರೆ, ಮನೆತನದ ಮಾನ ನೋಡುತ್ತಾರೆ, ‘ಹೊಂದಿಕೊಂಡು ಹೋಗಮ್ಮ’ ಎಂದು ಹೇಳಿ ಎದ್ದು ಹೋಗುತ್ತಾರೆ. ಹೊಂದಿಕೊಳ್ಳುವ ಕೆಲಸ ಬಹುತೇಕ ಹೆಣ್ಣಿನ ಪಾಲಿಗೇ ಬರುತ್ತದೆ. ಆಪ್ತಸಲಹೆಗಾರರು ತೀರ್ಪು ಕೊಡುವುದಿಲ್ಲ. ದಂಪತಿಗಳನ್ನು ಹೇಗಾದರೂ ಕೂಡಿಸಲೇಬೇಕೆಂಬ ಹಟವೂ ಅವರಿಗಿರಬಾರದು. ಇಬ್ಬರೂ ಸತ್ಯ ಹೇಳಬಲ್ಲ, ಸತ್ಯ ಕೇಳಬಲ್ಲ ಒಂದು ಜಾಗವನ್ನು ಸಿದ್ಧಮಾಡುವುದು ಅವರ ಕೆಲಸ. ಕೋಣೆಯಲ್ಲಿ ಆಡಿದ ಮಾತು ಕೋಣೆಯಲ್ಲಿಯೇ ಉಳಿಯುತ್ತದೆ, ಯಾರದಾದರೂ ಜೀವಕ್ಕೆ ಅಪಾಯವಿದೆ ಎನ್ನುವಂತಹ ಸಂದರ್ಭಗಳನ್ನು ಬಿಟ್ಟು.

ಈಗ ಆ ಕೋಣೆಯೊಳಕ್ಕೆ ಹೋಗೋಣ. ಹಾಸನದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇದು ಕಲ್ಪನೆಯೇ, ಯಾರ ಮನೆಯ ಗುಟ್ಟೂ ಅಲ್ಲ. ಗಂಡ ಬ್ಯಾಂಕಿನ ನೌಕರ, ಹೆಂಡತಿ ಹೈಸ್ಕೂಲು ಶಿಕ್ಷಕಿ. ಮದುವೆಯಾಗಿ ಹದಿನೈದು ವರ್ಷ, ಇಬ್ಬರು ಮಕ್ಕಳು. ಗಂಡನಿಗೆ ಸಹೋದ್ಯೋಗಿಯೊಬ್ಬಳೊಡನೆ ಒಂದು ವರ್ಷದಿಂದ ಸಂಬಂಧವಿರುವುದು ಫೋನಿನಲ್ಲಿದ್ದ ಸಂದೇಶಗಳಿಂದ ಹೆಂಡತಿಗೆ ತಿಳಿದಿದೆ. ಇಬ್ಬರೂ ಸಲಹೆಗಾರರ ಮುಂದೆ ಕುಳಿತಿದ್ದಾರೆ, ಕುರ್ಚಿಗಳ ನಡುವೆ ಆಕೆಯ ಕೈಚೀಲ.

ಡಗ್ಲಸ್ ಸ್ನೈಡರ್, ಡೊನಾಲ್ಡ್ ಬಾಕಮ್ ಮತ್ತು ಕ್ರಿಸ್ಟಿನಾ ಕೂಪ್ ಗಾರ್ಡನ್ ಎಂಬ ಅಮೆರಿಕದ ಮೂವರು ಮನೋವಿಜ್ಞಾನಿಗಳು ಇಂತಹ ದಂಪತಿಗಳಿಗಾಗಿಯೇ ಮೂರು ಹಂತಗಳ ಚಿಕಿತ್ಸೆಯೊಂದನ್ನು ರೂಪಿಸಿದ್ದಾರೆ. ಮೊದಲು ಪೆಟ್ಟಿನ ಆಘಾತವನ್ನು ತಡೆದುಕೊಳ್ಳುವುದು, ಆಮೇಲೆ ಹೀಗೇಕಾಯಿತೆಂದು ಅರಿಯುವುದು, ಕೊನೆಗೆ ಮುಂದಿನ ದಾರಿ ಹಿಡಿಯುವುದು. ಈ ಅನುಕ್ರಮದಲ್ಲಿ ವಿವೇಕವಿದೆ. ರಕ್ತ ಸುರಿಯುತ್ತಿರುವವನಿಗೆ ‘ನೀನು ರಸ್ತೆಯ ಆ ಬದಿಗೆ ಏಕೆ ಹೋದೆ?’ ಎಂದು ಕೇಳುವುದಿಲ್ಲವಷ್ಟೆ. ನಮ್ಮ ಬಂಧುಗಳು ಮೊದಲ ದಿನವೇ ಕೇಳುವುದು ಅದನ್ನೇ.

ಮೊದಲ ಹಂತದಲ್ಲಿ ಸಲಹೆಗಾರರು ಇಬ್ಬರನ್ನೂ ಬೇರೆಬೇರೆಯಾಗಿಯೂ ಭೇಟಿಮಾಡುತ್ತಾರೆ. ಮನೆಯಲ್ಲಿ ಹೊಡೆತ ಬಡಿತವಿದೆಯೇ, ಯಾರಿಗಾದರೂ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳುತ್ತಾರೆ. ಮೂರನೆಯವರೊಡನೆ ಇರುವ ಸಂಬಂಧ ಮುಗಿಯದೆ ಕಟ್ಟುವ ಕೆಲಸ ಆರಂಭವಾಗುವುದಿಲ್ಲ. ಹಾಸನದ ಈ ಗಂಡ ಅದೇ ಶಾಖೆಯಲ್ಲಿ ಕೆಲಸ ಮಾಡಬೇಕಾಗಿರುವವರೆಗೆ, ಆಕೆಯೊಡನೆ ಕೆಲಸದ ಮಾತು ನಡೆದ ದಿನ ಹೆಂಡತಿ ಕೇಳುವ ಮುನ್ನ ತಾನೇ ಮನೆಗೆ ಬಂದು ಹೇಳಬೇಕು. ‘ಕೇಳುವ ಮುನ್ನ’ ಎಂಬುದನ್ನು ಗಮನಿಸಿ. ಕೇಳಿದ ಮೇಲೆ ಹೇಳಿದ ಸತ್ಯ ಅರ್ಧ ಬೆಲೆಯದು.

ಸತ್ಯ ಹೇಳುವುದಕ್ಕೂ ಒಂದು ರೀತಿಯುಂಟು. ತಪ್ಪು ಮಾಡಿದವರು ಸಾಮಾನ್ಯವಾಗಿ ಸಿಕ್ಕಿಬಿದ್ದಷ್ಟನ್ನು ಮಾತ್ರ ಒಪ್ಪಿಕೊಳ್ಳುತ್ತಾರೆ. ವಾರ ಬಿಟ್ಟು ಇನ್ನಷ್ಟು, ತಿಂಗಳು ಬಿಟ್ಟು ಮತ್ತಷ್ಟು. ಹೀಗೆ ಕಂತಿನಲ್ಲಿ ಸತ್ಯ ಹೇಳಿದರೆ ಪ್ರತಿ ಕಂತೂ ಹೊಸ ದ್ರೋಹವಾಗುತ್ತದೆ. ಎಂದಿನಿಂದ, ಎಷ್ಟು ಕಾಲ, ಮುಗಿದಿದೆಯೇ, ಹಣ ಖರ್ಚಾಗಿದೆಯೇ, ಆರೋಗ್ಯ ಪರೀಕ್ಷೆ ಬೇಕೇ, ಈ ಪ್ರಶ್ನೆಗಳಿಗೆ ಪೂರ್ಣ ಉತ್ತರ ಬೇಕು. ಕಣ್ಣಿಗೆ ಚಿತ್ರ ಕಟ್ಟುವಂತಹ ವಿವರಗಳನ್ನು ಮಾತ್ರ ಕೆದಕದಿರುವುದು ಲೇಸು, ಅವು ಗಾಯಕ್ಕೆ ಖಾರವೇ ಹೊರತು ಮದ್ದಲ್ಲ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೇಳುವ ಬದಲು ದಿನಕ್ಕೆ ಅರ್ಧ ಗಂಟೆ ಇದಕ್ಕೇ ಮೀಸಲಿಡಿ ಎಂದು ಸಲಹೆಗಾರರು ಹೇಳಬಹುದು. ಮಾತು ಬಿಸಿಯೇರಿದಾಗ ಯಾರಾದರೂ ‘ಈಗ ಸಾಕು, ಎಂಟು ಗಂಟೆಗೆ ಮತ್ತೆ ಕೂರೋಣ’ ಎನ್ನಬಹುದು. ಹಾಗೆಂದವರೇ ಎಂಟು ಗಂಟೆಗೆ ತಾವಾಗಿ ಬಂದು ಕೂರಬೇಕು. ಇದು ಚಿಕ್ಕ ಷರತ್ತಿನಂತೆ ಕಾಣುತ್ತದೆ. ಆದರೆ ‘ಬರುತ್ತೇನೆ ಎಂದವನು ಬಂದ’ ಎಂಬ ಮೊದಲ ಇಟ್ಟಿಗೆ ಕೂರುವುದು ಇಲ್ಲಿಯೇ.

ಇದೇ ಹಂತದಲ್ಲಿ ನೊಂದವರಿಂದ ಒಂದು ಪತ್ರ ಬರೆಸುವುದುಂಟು. ಪತ್ರವನ್ನು ಮೊದಲು ಸಲಹೆಗಾರರು ನೋಡುತ್ತಾರೆ. ಬೈಗುಳಗಳ ಹಿಂದೆ ಅಡಗಿರುವ ನೋವು ಮೇಲೆ ಬರುವಂತೆ ತಿದ್ದಿಸುತ್ತಾರೆ. ‘ನೀವು ನೀಚರು’ ಎಂದಿದ್ದ ವಾಕ್ಯ ಕೊನೆಗೆ ‘ಪೋಷಕರ ಸಭೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಆ ದಿನ ನಾನು ಶಾಲೆಯ ಶೌಚಾಲಯದಲ್ಲಿ ನಿಂತು ಅತ್ತೆ’ ಎಂದಾಗಬಹುದು. ಮೊದಲನೆಯದಕ್ಕೆ ಗಂಡ ಎದುರು ವಾದಿಸಬಲ್ಲ. ಎರಡನೆಯದಕ್ಕೆ ವಾದವಿಲ್ಲ. ಪತ್ರವನ್ನು ಆತ ಓದಿ ಅಥವಾ ಕೇಳಿ, ತನಗೆ ಅರ್ಥವಾದದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಸಮರ್ಥನೆ ಇಲ್ಲ, ‘ಆದರೆ’ ಎಂಬ ಪದ ಇಲ್ಲ.

ಎರಡನೆಯ ಹಂತ ಎಲ್ಲಕ್ಕಿಂತ ಸೂಕ್ಷ್ಮ. ಹೀಗೇಕಾಯಿತು? ನಮ್ಮ ಸಮಾಜದ ಬಳಿ ಸಿದ್ಧ ಉತ್ತರವಿದೆ: ‘ಅವಳು ಗಂಡನನ್ನು ಸರಿಯಾಗಿ ನೋಡಿಕೊಂಡಿದ್ದರೆ ಅವನೇಕೆ ಹೊರಗೆ ಹೋಗುತ್ತಿದ್ದ?’ ಈ ಮಾತು ಕ್ರೂರ ಮಾತ್ರವಲ್ಲ, ತಪ್ಪು ಕೂಡ. ಕಾರಣ ಬೇರೆ, ಹೊಣೆ ಬೇರೆ. ಹಾಸನದ ಮನೆಯಲ್ಲಿ ಮೂರು ವರ್ಷ ಅತ್ತೆಯ ಕಾಯಿಲೆ ಇತ್ತು, ಗೃಹಸಾಲದ ಕಂತಿತ್ತು, ಇಬ್ಬರೂ ಮಕ್ಕಳ ಫೀಸು ಮತ್ತು ಗ್ಯಾಸ್ ಸಿಲಿಂಡರಿನ ಹೊರತು ಬೇರೆ ಮಾತು ಆಡುತ್ತಿರಲಿಲ್ಲ. ಇವೆಲ್ಲ ಸಂಸಾರದ ಗೋಡೆ ತೇವವಾಗಿದ್ದುದರ ಕಾರಣಗಳು. ಅದರಲ್ಲಿ ಇಬ್ಬರ ಪಾಲೂ ಇರಬಹುದು. ಆದರೆ ಅದೇ ತೇವದ ಮನೆಯಲ್ಲಿ ಹೆಂಡತಿಯೂ ಇದ್ದಳು, ಅವಳು ಸುಳ್ಳಿನ ದಾರಿ ಹಿಡಿಯಲಿಲ್ಲ. ಆ ದಾರಿಯನ್ನು ಆಯ್ದುಕೊಂಡ ಹೊಣೆ ಪೂರ್ತಿಯಾಗಿ ಆಯ್ದುಕೊಂಡವನದು. ಹೊಗಳಿಕೆಗೆ ತನ್ನಲ್ಲಿ ಏಕೆ ಅಷ್ಟು ಹಸಿವಿತ್ತು, ಅಸಮಾಧಾನವನ್ನು ಬಾಯಿಬಿಟ್ಟು ಹೇಳಲು ಏಕೆ ಅಂಜಿಕೆಯಿತ್ತು ಎಂದು ಆತ ತನ್ನೊಳಗೆ ಹುಡುಕಬೇಕು. ‘ಹೇಗೋ ಆಗಿಹೋಯಿತು’ ಎಂಬ ಉತ್ತರ ಸಾಲದು. ಏಕೆಂದರೆ ಹೇಗೋ ಆಗಿಹೋದದ್ದು ಮತ್ತೆ ಹೇಗೋ ಆಗಿಹೋಗಬಹುದು. ಹೆಂಡತಿಯೇ ಹಾದಿ ತಪ್ಪಿದಾಗಲೂ ಮಾತು ಇದೇ. ಅಂತಹ ಗಂಡಂದಿರು ನಾಚಿಕೆಯಿಂದ ಯಾರ ಬಳಿಯೂ ಹೋಗದೆ ಒಳಗೇ ಕುದಿಯುವುದುಂಟು.

ಇನ್ನು ಕ್ಷಮೆಯ ಪ್ರಶ್ನೆ. ‘ಸಾರಿ ಕೇಳಿದ್ದೇನಲ್ಲ, ಇನ್ನೆಷ್ಟು ಸಲ ಕೇಳಬೇಕು?’ ಎಂಬ ಮಾತು ಈ ಕೋಣೆಗಳಲ್ಲಿ ಮತ್ತೆಮತ್ತೆ ಕೇಳಿಬರುವಂಥದು. ಉತ್ತರ ಸರಳ: ನೋವು ತಲುಪಿದೆ ಎಂದು ಎದುರಿನವರಿಗೆ ಮನವರಿಕೆಯಾಗುವ ತನಕ. ಕೆನಡಾದ ಮನೋವಿಜ್ಞಾನಿ ಸೂ ಜಾನ್ಸನ್ ಮತ್ತು ಸಂಗಡಿಗರು 2001ರಲ್ಲಿ ಒಂದು ವಿಶೇಷ ಬಗೆಯ ಗಾಯವನ್ನು ಗುರುತಿಸಿ ಬರೆದರು. ಅತ್ಯಂತ ಅಗತ್ಯವಿದ್ದ ಗಳಿಗೆಯಲ್ಲಿ ಸಂಗಾತಿ ಕೈಬಿಟ್ಟ ಅನುಭವ ಅದು. ಗರ್ಭ ಇಳಿದುಹೋದ ರಾತ್ರಿ ಆಸ್ಪತ್ರೆಗೆ ಬಾರದ ಗಂಡ, ತಂದೆಯ ಶವದ ಮುಂದೆ ಕುಳಿತಿದ್ದಾಗ ದೂರ ನಿಂತ ಹೆಂಡತಿ. ಇಂತಹ ಗಾಯವಿರುವ ದಂಪತಿಗಳಲ್ಲಿ ಉಳಿದ ಜಗಳಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತವೆ. ಆ ಗಳಿಗೆಗೆ ಇಬ್ಬರೂ ಮತ್ತೆ ಹೋಗಬೇಕು, ಈ ಸಲ ತಪ್ಪಿದವರು ಅಲ್ಲಿ ನಿಂತು ಕೇಳಬೇಕು. ಅದಾಗದೆ ಎಷ್ಟು ಸೀರೆ ತಂದರೂ, ಎಷ್ಟು ಯಾತ್ರೆ ಮಾಡಿಸಿದರೂ ವ್ಯರ್ಥ. ಕ್ಷಮೆಯೆಂದರೆ ಮರೆವಲ್ಲ, ಅದನ್ನು ಹಕ್ಕಿನಂತೆ ಕೇಳುವಂತೆಯೂ ಇಲ್ಲ.

ನಂಬಿಕೆ ದೊಡ್ಡ ಪ್ರತಿಜ್ಞೆಗಳಿಂದ ಹುಟ್ಟುವುದಿಲ್ಲ ಎಂಬುದಕ್ಕೆ ಜಾನ್ ಗಾಟ್ಮನ್ ಅವರ ಕೆಲಸವನ್ನು ನೋಡಬೇಕು. ಇವರು ಅಮೆರಿಕದ ಸಿಯಾಟಲ್‌ನಲ್ಲಿ, ಮನೆಯಂತೆ ಸಜ್ಜುಗೊಳಿಸಿದ ಪ್ರಯೋಗಾಲಯದಲ್ಲಿ ದಂಪತಿಗಳನ್ನು ಇರಿಸಿ ಅವರ ದಿನನಿತ್ಯದ ಮಾತುಕತೆಯನ್ನು ದಾಖಲಿಸಿದರು. ‘ಆ ದೋಣಿ ನೋಡು’ ಎಂದು ಒಬ್ಬರು ಕಿಟಕಿಯತ್ತ ತೋರಿಸಿದಾಗ ಇನ್ನೊಬ್ಬರು ತಲೆಯೆತ್ತಿ ನೋಡಿದರೇ, ಪತ್ರಿಕೆಯಲ್ಲೇ ಮುಳುಗಿದ್ದರೇ, ಇಂತಹ ಸಣ್ಣ ಸಂಗತಿಗಳಲ್ಲೇ ಸಂಬಂಧದ ಭವಿಷ್ಯ ಅಡಗಿದೆ ಎಂದರು. ದ್ರೋಹದ ಬಳಿಕವೂ ದಾರಿ ಇದೇ. ಆರೂವರೆಗೆ ಬರುತ್ತೇನೆಂದವರು ಆರೂವರೆಗೆ ಬರುವುದು. ತಡವಾದರೆ ಆರಕ್ಕೇ ಫೋನು ಮಾಡುವುದು. ಇಂತಹ ನೂರು ಸಂಜೆಗಳಾದ ಮೇಲೆ, ನೂರಾ ಒಂದನೆಯ ಸಂಜೆ ಆಕೆ ಗಡಿಯಾರ ನೋಡುವುದನ್ನು ಮರೆತಿರುತ್ತಾಳೆ.

ಫೋನಿನ ಪಾಸ್‌ವರ್ಡ್ ವಿಷಯದಲ್ಲಿ ನಿಮ್ಮ ಪೀಳಿಗೆಗೆ ಕುತೂಹಲವಿರಬಹುದು. ತಾನಾಗಿ ಮೇಜಿನ ಮೇಲೆ ತೆರೆದಿಟ್ಟ ಫೋನು ಬೇರೆ, ಕಸಿದು ನೋಡಿದ ಫೋನು ಬೇರೆ. ಮೊದಲನೆಯದು ಕೆಲವು ತಿಂಗಳು ಊರುಗೋಲಿನಂತೆ ನೆರವಾಗುತ್ತದೆ. ಕಾಲು ಗಟ್ಟಿಯಾದಂತೆ ಊರುಗೋಲನ್ನು ಬಿಡಬೇಕು. ಎರಡನೆಯದು ಪೊಲೀಸುಗಿರಿ. ಕಾವಲಿರುವವರೆಗೆ ಕಳ್ಳತನವಾಗಲಿಲ್ಲ ಎಂಬುದರಿಂದ ಯಾರ ಪ್ರಾಮಾಣಿಕತೆಯೂ ಸಿದ್ಧವಾಗುವುದಿಲ್ಲ. ಇನ್ನೂ ಪ್ರೀತಿ ಪ್ರೇಮದ ಹೊಸ್ತಿಲಲ್ಲಿರುವ ಕಾಲೇಜು ಹುಡುಗ ಹುಡುಗಿಯರು, ಯಾವ ದ್ರೋಹವೂ ನಡೆಯದಿರುವಾಗಲೇ, ಪಾಸ್‌ವರ್ಡ್ ಕೊಡುವುದೇ ಪ್ರೀತಿಯ ಗುರುತೆಂದು ತಿಳಿದಿರುವುದು ನನಗೆ ಸರಿಯೆನಿಸುವುದಿಲ್ಲ.

ದಾರಿ ನೇರವಾಗಿಯೂ ಇರುವುದಿಲ್ಲ. ಆರು ತಿಂಗಳು ಚೆನ್ನಾಗಿ ನಡೆದು, ಒಂದು ದಿನ ಹಳೆಯ ಹೋಟೆಲಿನ ಮುಂದೆ ಬಸ್ಸು ನಿಂತಾಗ ಎಲ್ಲವೂ ಮರುಕಳಿಸಬಹುದು. ‘ಮತ್ತೆ ಶುರುವಾಯಿತೆ ನಿನ್ನದು?’ ಎಂದರೆ ಆರು ತಿಂಗಳ ಕೆಲಸ ಮಣ್ಣು. ‘ಹೌದು, ಇಲ್ಲಿ ನಿನಗೆ ನೆನಪಾಗುತ್ತದೆ. ನಾನು ಇಲ್ಲೇ ಇದ್ದೇನೆ’ ಎಂದರೆ ಇನ್ನೊಂದು ಇಟ್ಟಿಗೆ ಏರಿತು. ಇದು ತಿಂಗಳುಗಳ ಕೆಲಸ, ಕೆಲವರಿಗೆ ವರ್ಷ ಮೀರಿದ್ದು. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಇಪ್ಪತ್ತನಾಲ್ಕು ಗಂಟೆಗಳಲ್ಲಿ ದಾಂಪತ್ಯ ಸಮಸ್ಯೆ ಪರಿಹಾರ’ ಎಂದು ವಶೀಕರಣದವರು ಅಂಟಿಸಿದ ಚೀಟಿಗಳನ್ನು ನೀವು ನೋಡಿರುತ್ತೀರಿ. ಅಲ್ಲಿ ಹಣವಷ್ಟೇ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಯವಾಗುವುದು.

ಎಲ್ಲ ಮನೆಗೂ ಈ ಚಿಕಿತ್ಸೆ ತಕ್ಕದ್ದಲ್ಲ. ಹೊಡೆತ, ಬೆದರಿಕೆ ಇರುವ ಕಡೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ, ಕೋಣೆಯಲ್ಲಿ ಆಡಿದ ಸತ್ಯಕ್ಕೆ ಮನೆಯಲ್ಲಿ ಏಟು ಬೀಳುತ್ತದೆ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಅಧಿನಿಯಮ ಇರುವುದು ಅದಕ್ಕಾಗಿ. ಇನ್ನು ವಿವಾಹೇತರ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 497ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 27ರಂದು ರದ್ದುಪಡಿಸಿತು. ಹೆಂಡತಿಯನ್ನು ಗಂಡನ ಸೊತ್ತಿನಂತೆ ಕಂಡಿದ್ದ ಕಾನೂನು ಅದು. ವಿಚ್ಛೇದನಕ್ಕೆ ವ್ಯಭಿಚಾರ ಈಗಲೂ ಆಧಾರವಾಗಬಲ್ಲದು. ಆದರೆ ಸೆರೆಮನೆಯ ಭಯದಿಂದ ಉಳಿದ ನಿಷ್ಠೆಗೆ ನಂಬಿಕೆ ಎಂಬ ಹೆಸರು ಹಿಂದೆಯೂ ಸಲ್ಲುತ್ತಿರಲಿಲ್ಲ. ಕೆಲವು ದಂಪತಿಗಳು ಎಲ್ಲ ಹಂತಗಳನ್ನೂ ದಾಟಿ ಕೊನೆಗೆ ಬೇರೆಯಾಗುವ ನಿರ್ಧಾರಕ್ಕೆ ಬರುತ್ತಾರೆ. ಅದನ್ನು ಚಿಕಿತ್ಸೆಯ ಸೋಲೆಂದು ನಾನು ಹೇಳಲಾರೆ. ಅರಿತು ಬೇರೆಯಾದವರು ಮಗನ ಉಪನಯನಕ್ಕೋ ಮಗಳ ಮದುವೆಗೋ ಒಂದೇ ಚಪ್ಪರದ ಕೆಳಗೆ ನಿಲ್ಲಬಲ್ಲರು.

ಈಗ ನಿಮ್ಮ ಮಾತು. ನಿಮ್ಮ ಮನೆಯಲ್ಲಿ ಇಂತಹ ಬಿರುಕು ಇದ್ದರೆ, ನೀವು ಅದಕ್ಕೆ ಕಾರಣರಲ್ಲ. ನಿಮ್ಮ ಅಂಕ ಕಡಿಮೆಯಾದದ್ದಕ್ಕೆ, ನಿಮ್ಮ ಕಾಲೇಜಿನ ಖರ್ಚಿಗೆ ಯಾರ ನಂಬಿಕೆಯೂ ಮುರಿಯುವುದಿಲ್ಲ. ಅದನ್ನು ಸರಿಪಡಿಸುವ ಭಾರವೂ ನಿಮ್ಮದಲ್ಲ. ಅಪ್ಪನ ಫೋನು ನೋಡಿ ಬಾ ಎಂದು ಅಮ್ಮ ಹೇಳಬಹುದು, ಅಮ್ಮ ಯಾರೊಡನೆ ಮಾತಾಡಿದಳು ಎಂದು ಅಪ್ಪ ಕೇಳಬಹುದು. ಆಗ ‘ಅಮ್ಮಾ, ಅಪ್ಪನ ಹತ್ತಿರ ನೀನೇ ಕೇಳು. ನನಗೆ ನೀವಿಬ್ಬರೂ ಬೇಕು’ ಎಂದು ಹೇಳುವುದು ಒರಟುತನವಲ್ಲ. ಗುಟ್ಟು ಅಕಸ್ಮಾತ್ತಾಗಿ ನಿಮಗೇ ಮೊದಲು ತಿಳಿದಿದ್ದರೆ ಅದನ್ನು ಒಬ್ಬರೇ ಹೊತ್ತು ತಿರುಗಬೇಡಿ. ನೀವು ನೆಚ್ಚುವ ಚಿಕ್ಕಮ್ಮನೋ ಸೋದರಮಾವನೋ, ಅಧ್ಯಾಪಕರೋ ಇದ್ದಾರೆ. ಯಾರೂ ಇಲ್ಲವೆನಿಸಿದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯ ಕಥೆಯನ್ನೆಲ್ಲ ಒಂದೇ ಸಲ ಹೇಳಬೇಕೆಂದೇನೂ ಇಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ ಎಂಬಲ್ಲಿಂದ ಮಾತು ಆರಂಭಿಸಿದರೂ ಸಾಕು.